ರ‍್ಯಾಮ್ ಬೆಲೆ ಇಳಿಯೋದು ಯಾವಾಗ, ಕೊಳ್ಳೋದು ಯಾವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಂಪ್ಯೂಟರ್ ಜೋಡಿಸುವವರು, ಹಳೇ ಲ್ಯಾಪ್‌ಟಾಪ್ ತೆವಳುತ್ತಿದೆ ಅಂತ ಬೇಸತ್ತವರು, ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಹಿಡಿದಿಟ್ಟುಕೊಳ್ಳುವ ಮೆಮೊರಿ) ಬಗ್ಗೆ ಎಲ್ಲರೂ ಕೇಳುವುದು ಒಂದೇ ಮಾತು: "ಈಗಲೇ ತಗೊಳ್ಳಲಾ, ಇನ್ನೊಂದು ತಿಂಗಳು ಕಾಯಲಾ?" ಆ ಪ್ರಶ್ನೆಯನ್ನೇ ಬಿಡಿಸಿ ಬಿಡಿಸಿ ಇಲ್ಲಿ ಉತ್ತರಿಸಿದ್ದೇನೆ. ಇವತ್ತಿನ ರೇಟು ಮಾತ್ರ ಬರೆದಿಲ್ಲ. ನೀವು ಓದುವ ಹೊತ್ತಿಗೆ ಅದು ಹಳಸಿರುತ್ತದೆ.

ಪ್ರೊಸೆಸರ್ ಬೆಲೆ ಇಷ್ಟು ಕುಣಿಯಲ್ಲ. ರ‍್ಯಾಮ್ ಬೆಲೆ ಮಾತ್ರ ಯಾಕೆ ಹೀಗೆ?

ಕೋಲಾರದ ಟೊಮೆಟೊ ನೆನಪಿಸಿಕೊಳ್ಳಿ. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತ್ತು. ಬೇರೆ ವರ್ಷ ಅದೇ ಟೊಮೆಟೊವನ್ನು ಕೀಳಿಸಿದ ಕೂಲಿಯೂ ಹುಟ್ಟದೆ ರೈತರು ರಸ್ತೆಗೆ ಸುರಿದದ್ದೂ ಇದೆ. ಬೆಲೆ ಚೆನ್ನಾಗಿದ್ದಾಗ ಎಲ್ಲರೂ ನೆಡುತ್ತಾರೆ, ಎಲ್ಲರ ಬೆಳೆಯೂ ಒಟ್ಟಿಗೆ ಮಂಡಿಗೆ ಬರುತ್ತದೆ, ಬೆಲೆ ನೆಲ ಕಚ್ಚುತ್ತದೆ. ಮುಂದಿನ ಸಲ ಯಾರೂ ನೆಡುವುದಿಲ್ಲ, ಬೆಲೆ ಮತ್ತೆ ಏರುತ್ತದೆ.

ಮೆಮೊರಿ ಚಿಪ್ಪಿನ ಕಥೆಯೂ ಇದೇ. ಪ್ರೊಸೆಸರ್ ಆದರೆ ಇಂಟೆಲ್ ಬೇರೆ, ಎಎಂಡಿ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ರ‍್ಯಾಮ್ ಹಾಗಲ್ಲ. ಸ್ಯಾಮ್‌ಸಂಗ್ ಚಿಪ್ ಇರಲಿ, ಎಸ್‌ಕೆ ಹೈನಿಕ್ಸ್ ಇರಲಿ, ಮೈಕ್ರಾನ್ ಇರಲಿ, ಒಂದೇ ಗುಣಮಟ್ಟಕ್ಕೆ ಮಾಡಿದ ಸರಕು. ಕೊಳ್ಳುವ ಕಂಪನಿ ನೋಡುವುದು ಬೆಲೆಯನ್ನೇ. ಜಗತ್ತಿನ ಡಿರ‍್ಯಾಮ್ (ರ‍್ಯಾಮ್ ಒಳಗಿನ ಮೆಮೊರಿ ಚಿಪ್) ಬಹುಪಾಲು ಬರುವುದೂ ಈ ಮೂರು ಕಂಪನಿಗಳಿಂದಲೇ. ಈಚೆಗೆ ಚೀನಾದ ಸಿಎಕ್ಸ್‌ಎಂಟಿ ನಾಲ್ಕನೆಯದಾಗಿ ಕಾಲಿಟ್ಟಿದೆ.

ಟೊಮೆಟೊಗೂ ಇದಕ್ಕೂ ಇರುವ ವ್ಯತ್ಯಾಸ ಸಮಯದ್ದು. ಟೊಮೆಟೊ ನಾಟಿ ಮಾಡಿದರೆ ಎರಡು ಮೂರು ತಿಂಗಳಲ್ಲಿ ಹಣ್ಣು. ಮೆಮೊರಿ ಕಾರ್ಖಾನೆ ಕಟ್ಟಲು ಎರಡು ಮೂರು ವರ್ಷ, ಸಾವಿರಾರು ಕೋಟಿ ರೂಪಾಯಿ ಬೇಕು. ಕಟ್ಟಿದ ಮೇಲೂ ಒಂದು ಬಿಲ್ಲೆ (ಚಿಪ್ ಮೂಡಿಸುವ ಸಿಲಿಕಾನ್ ತಟ್ಟೆ, ವೇಫರ್) ಚಿಪ್ಪಾಗಿ ಹೊರಬರಲು ಸುಮಾರು ಮೂರು ತಿಂಗಳು. ಅಷ್ಟು ದುಡ್ಡು ಸುರಿದ ಮೇಲೆ ಬೆಲೆ ಬಿತ್ತು ಅಂತ ಯಂತ್ರ ನಿಲ್ಲಿಸುವುದು ಸುಲಭವಲ್ಲ. ನಷ್ಟದಲ್ಲೂ ಓಡಿಸುತ್ತಾರೆ, ಸರಕು ಇನ್ನೂ ಜಾಸ್ತಿ ಆಗುತ್ತದೆ, ಬೆಲೆ ಇನ್ನೂ ಬೀಳುತ್ತದೆ. ಅದಕ್ಕೇ ಇಲ್ಲಿ ಏರಿಕೆಯೂ ಉದ್ದ, ಇಳಿಕೆಯೂ ಉದ್ದ.

ನಿಜವಾಗಿ ಜೋರಾಗಿ ಬಿದ್ದದ್ದು ಯಾವಾಗ?

ಹಲವು ಸಲ. ನನಗೆ ಅತ್ಯಂತ ಮಜಾ ಅನಿಸುವುದು 1996.

1995ರಲ್ಲಿ ಒಂದು ಮೆಗಾಬೈಟ್ ರ‍್ಯಾಮ್‌ಗೆ ಸುಮಾರು 30 ಡಾಲರ್ ಇತ್ತು. ಗಿಗಾಬೈಟ್ ಅಲ್ಲ, ಮೆಗಾಬೈಟ್. 16 ಮೆಗಾಬೈಟ್ ಹಾಕಿಸಬೇಕಾದರೆ ಅಂದಿನ ರೂಪಾಯಿ ಲೆಕ್ಕದಲ್ಲಿ ಹದಿನೈದು ಸಾವಿರ ದಾಟುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂತು. ಅದು ಮೆಮೊರಿ ನುಂಗುವ ತಂತ್ರಾಂಶ, ಎಲ್ಲರೂ ಮುಗಿಬಿದ್ದು ರ‍್ಯಾಮ್ ಕೊಳ್ಳುತ್ತಾರೆ ಅಂತ ಜಪಾನ್, ಕೊರಿಯಾ, ತೈವಾನ್ ಕಂಪನಿಗಳು ಪೈಪೋಟಿಯಲ್ಲಿ ಕಾರ್ಖಾನೆ ಹಾಕಿದವು. ಕೊಳ್ಳುವವರು ಬಂದರು, ಆದರೆ ಅಂದುಕೊಂಡಷ್ಟು ಬರಲಿಲ್ಲ. 1996ರ ಕೊನೆಗೆ ಮೆಗಾಬೈಟ್ ಬೆಲೆ ಐದಾರು ಡಾಲರ್‌ಗೆ ಬಂದು ನಿಂತಿತು. 1995ರಲ್ಲಿ "ಇನ್ನೂ ಏರುತ್ತದೆ" ಅಂತ ಸರಕು ಪೇರಿಸಿಟ್ಟ ವ್ಯಾಪಾರಿಗಳ ಗತಿ ಊಹಿಸಿಕೊಳ್ಳಿ.

2001ರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದಾಗ ಮತ್ತೆ ಬಿತ್ತು. 2007ರಿಂದ 2009ರವರೆಗೆ ಬಿದ್ದದ್ದು ಎಷ್ಟು ಕೆಟ್ಟದಾಗಿತ್ತೆಂದರೆ, 2009ರ ಜನವರಿಯಲ್ಲಿ ಜರ್ಮನಿಯ ಕಿಮೊಂಡಾ ದಿವಾಳಿಯಾಯಿತು. 2012ರ ಫೆಬ್ರವರಿಯಲ್ಲಿ ಜಪಾನಿನ ಎಲ್ಪಿಡಾ ಕೈಯೆತ್ತಿತು. ಅದನ್ನು ಮೈಕ್ರಾನ್ ಕೊಂಡಿತು. ಇವತ್ತು ಮೂರೇ ಕಂಪನಿ ಉಳಿದಿರುವುದು ಹೀಗೆ: ಪ್ರತಿ ಕುಸಿತವೂ ಒಬ್ಬಿಬ್ಬರನ್ನು ಕಣದಿಂದ ಹೊರಗೆ ಹಾಕಿತು.

ಹತ್ತಿರದ್ದು ಬೇಕಾದರೆ 2022 ಮತ್ತು 2023. ಕೊರೊನಾ ಕಾಲದಲ್ಲಿ ಮನೆಮನೆಗೆ ಲ್ಯಾಪ್‌ಟಾಪ್ ಬಂದಿತ್ತು. ಆಮೇಲೆ ಯಾರಿಗೂ ಹೊಸದು ಬೇಕಿರಲಿಲ್ಲ. 2021ರ ಕೊನೆಯಲ್ಲಿ ಡಿಡಿಆರ್5 ಎಂಬ ಹೊಸ ಪೀಳಿಗೆಯ ರ‍್ಯಾಮ್ ಬಂದಾಗ ಜೋಡಿ ಪಟ್ಟಿಯ 32 ಜಿಬಿ ಕಿಟ್‌ಗೆ 300 ಡಾಲರ್ ಮೇಲಿತ್ತು, ಅದೂ ಸಿಕ್ಕಿದರೆ. 2023ರ ಮಧ್ಯದ ಹೊತ್ತಿಗೆ ಅಂಥದೇ ಕಿಟ್ 100 ಡಾಲರ್ ಒಳಗೆ ಸಿಗುತ್ತಿತ್ತು. ಸ್ಯಾಮ್‌ಸಂಗ್‌ನ ಚಿಪ್ ವಿಭಾಗ ಆ ಒಂದು ವರ್ಷದಲ್ಲಿ ಕೊರಿಯಾದ ಹಣದಲ್ಲಿ 14 ಲಕ್ಷ ಕೋಟಿ ವನ್‌ಗೂ ಜಾಸ್ತಿ ನಷ್ಟ ತೋರಿಸಿತು. ಕೊಳ್ಳುವವರಿಗೆ ಅದು ಸುಗ್ಗಿ.

ಏರಿಕೆ ಮಾತ್ರ ರಾತ್ರೋರಾತ್ರಿ ಆಗುತ್ತದಲ್ಲ?

ಹೌದು. ಇಳಿಕೆ ಮೆಟ್ಟಿಲಿಳಿದು ಬರುತ್ತದೆ, ಏರಿಕೆ ಲಿಫ್ಟ್ ಹತ್ತುತ್ತದೆ. ಅಂಗಡಿಯವರಿಗೆ ಭಯ ಹುಟ್ಟಿಸಲು ಒಂದು ಸುದ್ದಿ ಸಾಕು.

1993ರ ಜುಲೈ 4ರಂದು ಜಪಾನಿನ ನಿಹಾಮಾ ಊರಲ್ಲಿ ಸುಮಿಟೊಮೊ ಕೆಮಿಕಲ್‌ನ ಘಟಕವೊಂದು ಸ್ಫೋಟಿಸಿತು. ಅಲ್ಲಿ ಚಿಪ್ ಮಾಡುತ್ತಿರಲಿಲ್ಲ. ಚಿಪ್ಪಿನ ಕಪ್ಪು ಹೊದಿಕೆಗೆ ಬೇಕಾದ ಒಂದು ಬಗೆಯ ಅಂಟು ಮಾಡುತ್ತಿದ್ದರು, ಜಗತ್ತಿನ ಬೇಡಿಕೆಯ ಅರ್ಧಕ್ಕಿಂತ ಹೆಚ್ಚು. ಸುದ್ದಿ ಹಬ್ಬಿದ್ದೇ ತಡ, ಬಿಡಿ ಮಾರುಕಟ್ಟೆಯಲ್ಲಿ ರ‍್ಯಾಮ್ ಬೆಲೆ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 1999ರ ಸೆಪ್ಟೆಂಬರ್ 21ರ ತೈವಾನ್ ಭೂಕಂಪ, 2013ರ ಸೆಪ್ಟೆಂಬರ್‌ನಲ್ಲಿ ಚೀನಾದ ವೂಷಿಯಲ್ಲಿ ಎಸ್‌ಕೆ ಹೈನಿಕ್ಸ್ ಕಾರ್ಖಾನೆಗೆ ಬಿದ್ದ ಬೆಂಕಿ, ಇವುಗಳ ಬೆನ್ನಿಗೂ ಬೆಲೆ ಜಿಗಿಯಿತು.

ಹೀಗೆ ಅವಘಡದಿಂದ ಏರಿದ ಬೆಲೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಣ್ಣಗಾಗುತ್ತದೆ. ಸುದ್ದಿ ಕೇಳಿ ಓಡಿಹೋಗಿ ಕೊಳ್ಳಬೇಡಿ. ಬೇಡಿಕೆಯೇ ಹೆಚ್ಚಿ ಏರಿದರೆ ಮಾತು ಬೇರೆ. ಅದು ವರ್ಷಗಟ್ಟಲೆ ಎಳೆಯುತ್ತದೆ.

ಮೂರೇ ಕಂಪನಿ ಅಂದಮೇಲೆ ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸುತ್ತಾರಾ?

ಹಿಂದೆ ಮಾಡಿದ್ದು ಸಾಬೀತಾಗಿದೆ. 1999ರಿಂದ 2002ರ ನಡುವೆ ಬೆಲೆ ಹೊಂದಾಣಿಕೆ ಮಾಡಿಕೊಂಡಿದ್ದಕ್ಕೆ ಅಮೆರಿಕದಲ್ಲಿ ಇನ್‌ಫಿನಿಯಾನ್ 16 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ, ಸ್ಯಾಮ್‌ಸಂಗ್ 30 ಕೋಟಿ ಡಾಲರ್ ದಂಡ ಕಟ್ಟಿದವು. ಕೆಲವು ಅಧಿಕಾರಿಗಳು ಜೈಲಿಗೂ ಹೋದರು. ಆದರೆ ಪ್ರತಿ ಏರಿಕೆಗೂ ಪಿತೂರಿಯೇ ಕಾರಣ ಅನ್ನುವುದು ಸುಮ್ನೆ ಮಾತು. ಮೂವರೂ ಒಂದೇ ಸಮಯಕ್ಕೆ ಉತ್ಪಾದನೆ ತಗ್ಗಿಸಲು ಫೋನ್ ಮಾಡಿಕೊಳ್ಳಬೇಕಿಲ್ಲ. ಮೂವರಿಗೂ ಒಂದೇ ಸಮಯಕ್ಕೆ ನಷ್ಟ ಆಗುತ್ತಿರುತ್ತದೆ.

2025ರ ಕೊನೆಯಲ್ಲಿ ಬೆಲೆ ಹಾರಿತಲ್ಲ, ಅದು ಯಾವ ಬಗೆಯದು?

ಬೇಡಿಕೆಯದು. ಎಐ ಚಿಪ್ಪುಗಳ ಪಕ್ಕದಲ್ಲಿ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಕೂರುತ್ತದೆ. ಡಿರ‍್ಯಾಮ್ ಪದರಗಳನ್ನು ದೋಸೆಯಂತೆ ಒಂದರ ಮೇಲೊಂದು ಜೋಡಿಸಿ ಮಾಡುವಂಥದ್ದು. ಒಂದು ಜಿಬಿ ಎಚ್‌ಬಿಎಂ ಮಾಡಲು ಒಂದು ಜಿಬಿ ಡಿಡಿಆರ್5ಗೆ ಬೇಕಾದ ಬಿಲ್ಲೆಯ ಸುಮಾರು ಮೂರರಷ್ಟು ಜಾಗ ಹೋಗುತ್ತದೆ. ಅಂದರೆ ಅತ್ತ ಒಂದು ಪಾಲು ಹೆಚ್ಚಿದರೆ ಇತ್ತ ನಮ್ಮ ನಿಮ್ಮ ರ‍್ಯಾಮ್‌ನಲ್ಲಿ ಮೂರು ಪಾಲು ಕಡಿಮೆ. ಲಾಭ ಅತ್ತಲೇ ಜಾಸ್ತಿ. ಕಂಪನಿಗಳು ಅತ್ತ ವಾಲಿದವು.

2025ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಅನೇಕ ಡಿಡಿಆರ್5 ಕಿಟ್‌ಗಳ ಬೆಲೆ ಎರಡು ಪಟ್ಟು ದಾಟಿತು. ಡಿಸೆಂಬರ್ ಮೊದಲ ವಾರ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಬಿಡಿ ರ‍್ಯಾಮ್ ಕೊಳ್ಳುವ ನಮ್ಮಂಥವರಿಗೆ ಇದಕ್ಕಿಂತ ಸ್ಪಷ್ಟವಾಗಿ "ನೀವು ಈಗ ಮುಖ್ಯವಲ್ಲ" ಅಂತ ಹೇಳಲು ಸಾಧ್ಯವಿಲ್ಲ. ಇಂಥ ಏರಿಕೆ ಹಬ್ಬದ ಹೊತ್ತಿಗೆ ಇಳಿಯುವಂಥದ್ದಲ್ಲ. ಹೊಸ ಕಾರ್ಖಾನೆಗಳ ಚಿಪ್ ಮಾರುಕಟ್ಟೆಗೆ ಬರಬೇಕು, ಇಲ್ಲವೇ ಎಐ ಕಂಪನಿಗಳ ಕೊಳ್ಳುವ ಹುಮ್ಮಸ್ಸು ಇಳಿಯಬೇಕು.

ಹಾಗಾದರೆ ಬೆಲೆ ಇಳಿಯುವ ಮೊದಲು ಏನಾದರೂ ಸೂಚನೆ ಸಿಗುತ್ತದಾ?

ಸಿಗುತ್ತದೆ. ಅಂಗಡಿ ನೋಡಬೇಡಿ, ಹೊಲ ನೋಡಿ.

ಮೆಮೊರಿಗೆ ಎರಡು ಬೆಲೆ ಇರುತ್ತದೆ. ದೊಡ್ಡ ಕಂಪ್ಯೂಟರ್ ಕಂಪನಿಗಳು ಮೊದಲೇ ಮಾತಾಡಿಕೊಂಡು ಕೊಳ್ಳುವ ಕರಾರು ಬೆಲೆ ಒಂದು. ದಿನದಿನದ ಸ್ಪಾಟ್ ಬೆಲೆ ಇನ್ನೊಂದು. ಸ್ಪಾಟ್ ಬೆಲೆ ಮೊದಲು ಅಲುಗುತ್ತದೆ, ಏರಲಿ ಇಳಿಯಲಿ. ಅದು ಕರಾರು ಬೆಲೆಗಿಂತ ಕೆಳಗೆ ಹೋಗಿ ಕೆಲವು ವಾರ ಅಲ್ಲೇ ಉಳಿದರೆ, ಅಂಗಡಿಯ ಬೆಲೆಯೂ ಹಿಂದೆಯೇ ಇಳಿಯುವ ಸಾಧ್ಯತೆ ಹೆಚ್ಚು. ತೈವಾನಿನ ಟ್ರೆಂಡ್‌ಫೋರ್ಸ್ ಸಂಸ್ಥೆ ಈ ಎರಡರ ಅಂದಾಜನ್ನೂ ಪ್ರಕಟಿಸುತ್ತದೆ. ಸುದ್ದಿಗಳಲ್ಲಿ ಬರುವ "ಮುಂದಿನ ತ್ರೈಮಾಸಿಕದಲ್ಲಿ ಇಷ್ಟು ಶೇಕಡಾ" ಅನ್ನುವ ಮಾತು ಬಹಳ ಸಲ ಅಲ್ಲಿಂದಲೇ ಬಂದಿರುತ್ತದೆ.

ಎರಡನೆಯದು, ಮೂರು ಕಂಪನಿಗಳ ಫಲಿತಾಂಶದ ಸುದ್ದಿ. "ದಾಸ್ತಾನು ಹೆಚ್ಚಿದೆ" ಅಂದರೆ ಇಳಿಕೆ ಶುರು. "ಉತ್ಪಾದನೆ ಕಡಿತ ಮಾಡುತ್ತೇವೆ" ಅಂದರೆ ಇಳಿಕೆ ಮುಗಿಯುತ್ತಾ ಬಂತು. ಈ ಎರಡನೇ ಮಾತನ್ನು ಜನ ತಲೆಕೆಳಗಾಗಿ ಓದುತ್ತಾರೆ. ಕಂಪನಿ ಸೋತಿದೆ, ಬೆಲೆ ಇನ್ನೂ ಬೀಳುತ್ತದೆ ಅಂದುಕೊಳ್ಳುತ್ತಾರೆ. 2023ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಕಡಿತ ಪ್ರಕಟಿಸಿತು. ಆಮೇಲೆ ಕೆಲವು ತಿಂಗಳು ಬೆಲೆ ತಳದಲ್ಲೇ ಹೊರಳಾಡಿತು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಕರಾರು ಬೆಲೆ ಏರತೊಡಗಿತು. ಆ ನಡುವಿನ ಐದಾರು ತಿಂಗಳೇ ಕೊಳ್ಳುವ ಕಾಲವಾಗಿತ್ತು.

ಬೆಲೆ ಬೀಳುತ್ತಾ ಇದೆ. ತಳ ಮುಟ್ಟುವ ತನಕ ಕಾಯೋದೇ ಜಾಣತನ ಅಲ್ವಾ?

ತಳ ಎಲ್ಲಿತ್ತು ಅಂತ ಗೊತ್ತಾಗುವುದು ಅದನ್ನು ದಾಟಿದ ಮೇಲೆ. ನನ್ನದೇ ಕಥೆ ಕೇಳಿ.

2016ರ ಮಳೆಗಾಲ. ಆಗಿನ ಪೀಳಿಗೆಯ ಡಿಡಿಆರ್4 ಬೆಲೆ ತಿಂಗಳು ತಿಂಗಳು ಇಳಿಯುತ್ತಿತ್ತು. ನನ್ನ ಕಂಪ್ಯೂಟರ್‌ಗೆ ಇನ್ನೊಂದು 8 ಜಿಬಿ ಬೇಕಿತ್ತು. ಪರಿಚಯದ ಅಂಗಡಿಯವರು "ತಗೊಳ್ಳಿ ಸಾರ್" ಅಂದರು. ನಾನು ಬುದ್ಧಿವಂತ, ದೀಪಾವಳಿಗೆ ಇನ್ನೂ ಇಳಿಯುತ್ತದೆ ಅಂತ ಕಾದೆ. ಅಕ್ಟೋಬರ್ ಕೊನೆಗೆ ದೀಪಾವಳಿ ಬಂತು. ಬೆಲೆ ಇಳಿಯುವ ಬದಲು ಆಗಲೇ ಮೇಲೆ ಹೊರಟಿತ್ತು. ಇದು ತಾತ್ಕಾಲಿಕ, ಮುಂದಿನ ತಿಂಗಳು ನೋಡೋಣ ಅಂದುಕೊಂಡೆ. ಮುಂದಿನ ತಿಂಗಳು ನೋಟು ರದ್ದಾಗಿ ಕೈಯಲ್ಲಿದ್ದ ದುಡ್ಡು ಹಿಡಿದು ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತೆ. 2017ರಲ್ಲಿ ಅದೇ ಸ್ಟಿಕ್ (ರ‍್ಯಾಮ್ ಪಟ್ಟಿ) ಕೊಂಡಾಗ ಹೆಚ್ಚುಕಡಿಮೆ ಎರಡರಷ್ಟು ಕೊಟ್ಟಿದ್ದೆ. ಅದು ಮತ್ತೆ ಹಳೇ ಮಟ್ಟಕ್ಕೆ ಬಂದದ್ದು 2019ರಲ್ಲಿ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬೇಕಾದ ರ‍್ಯಾಮ್‌ಗೆ ನಾನು ಎಷ್ಟು ಕೊಡಬಲ್ಲೆ ಅಂತ ಮೊದಲೇ ಒಂದು ಅಂಕಿ ಬರೆದಿಡುತ್ತೇನೆ. ಬೆಲೆ ಅದಕ್ಕೆ ಬಂದ ದಿನ ಕೊಳ್ಳುತ್ತೇನೆ. ಆಮೇಲೆ ಮೂರು ತಿಂಗಳು ಆ ಬೆಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇದು ಬಹಳ ಮುಖ್ಯ, ನಗಬೇಡಿ.

ಒಂದು ಲೆಕ್ಕವೂ ಇದೆ. ರ‍್ಯಾಮ್ ಸಾಲದೆ ನಿಮ್ಮ ಕೆಲಸ ದಿನಕ್ಕೆ ಅರ್ಧ ಗಂಟೆ ನಿಧಾನವಾಗುತ್ತಿದ್ದರೆ, ನಾಲ್ಕು ತಿಂಗಳು ಕಾದು ಉಳಿಸುವ ಐನೂರು ರೂಪಾಯಿ ಉಳಿತಾಯವೇ ಅಲ್ಲ. ಆಟ ಆಡಲು ಇನ್ನಷ್ಟು ಬೇಕು ಅನ್ನುವ ಆಸೆ ಮಾತ್ರ ಇದ್ದರೆ ಆರಾಮಾಗಿ ಕಾಯಿರಿ.

ಅಮೆರಿಕದಲ್ಲಿ ಬೆಲೆ ಇಳಿದಿದೆ ಅಂತಾರೆ. ನಮ್ಮ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಯಾಕೆ ಇಳಿದಿಲ್ಲ?

ಮೂರು ಕಾರಣ. ಅಂಗಡಿಯವರು ಹಳೇ ಬೆಲೆಗೆ ತಂದ ಸರಕನ್ನು ನಷ್ಟಕ್ಕೆ ಕೊಡಲು ಮನಸ್ಸು ಮಾಡುವುದಿಲ್ಲ. ಏರಿಕೆಯನ್ನು ಮಾತ್ರ ಹಳೇ ಸರಕಿಗೂ ಅದೇ ದಿನ ಹಾಕುತ್ತಾರೆ, ಅದು ಬೇರೆ ವಿಷಯ! ಎರಡನೆಯದು ಡಾಲರ್. 2022ರ ಶುರುವಿನಲ್ಲಿ ಡಾಲರ್‌ಗೆ 75 ರೂಪಾಯಿ ಆಸುಪಾಸು ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಡಾಲರ್ ಲೆಕ್ಕದಲ್ಲಿ ಬೆಲೆ ಒಂದಿಷ್ಟೂ ಬದಲಾಗದಿದ್ದರೂ ನಮಗೆ ಐದನೇ ಒಂದು ಪಾಲು ತುಟ್ಟಿ. ಮೂರನೆಯದು ಶೇ 18 ಜಿಎಸ್‌ಟಿ. ಅಮೆರಿಕದ ಅಂಗಡಿಗಳು ತೆರಿಗೆ ಬಿಟ್ಟು ಬೆಲೆ ತೋರಿಸುತ್ತವೆ, ನಮ್ಮವು ಸೇರಿಸಿ ತೋರಿಸುತ್ತವೆ. ಹೋಲಿಸುವಾಗ ಇದನ್ನು ಮರೆಯಬೇಡಿ.

ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್ ಘಟಕ ಬರುತ್ತದೆ ಅಂತ 2023ರಲ್ಲಿ ಪ್ರಕಟವಾದಾಗ "ಇನ್ನು ರ‍್ಯಾಮ್ ಅಗ್ಗ" ಅಂತ ಹಲವರು ಖುಷಿಪಟ್ಟರು. ಅದು ಚಿಪ್ಪನ್ನು ಕತ್ತರಿಸಿ, ಜೋಡಿಸಿ, ಪರೀಕ್ಷಿಸುವ ಘಟಕ. ಬಿಲ್ಲೆ ತಯಾರಾಗುವುದು ಹೊರದೇಶದಲ್ಲೇ. ಬೆಲೆ ತೀರ್ಮಾನವಾಗುವುದೂ ಜಗತ್ತಿನ ಮಾರುಕಟ್ಟೆಯಲ್ಲೇ.

ಕ್ಯಾಲಿಫೋರ್ನಿಯಾದಿಂದ ಬರುವ ಅಣ್ಣನ ಕೈಲಿ ತರಿಸಲಾ?

ರ‍್ಯಾಮ್ ಹಗುರ, ಸೂಟ್‌ಕೇಸ್ ಮೂಲೆಯಲ್ಲಿ ಹಿಡಿಸುತ್ತದೆ, ಸರಿ. ಆದರೆ ಕೆಟ್ಟರೆ ವಾರಂಟಿಗೆ ಮತ್ತೆ ಅಣ್ಣನೇ ಬರಬೇಕು. "ಲೈಫ್‌ಟೈಮ್ ವಾರಂಟಿ" ಅಂತ ಬರೆದಿದ್ದರೂ ಬಹಳಷ್ಟು ಸಲ ಅದು ಕೊಂಡ ದೇಶದ ವಿತರಕರ ಮೂಲಕವೇ ನಡೆಯಬೇಕು. ಬೆಲೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿಯದಿದ್ದರೆ ಇಲ್ಲೇ ಬಿಲ್ ಹಾಕಿಸಿ ತಗೊಳ್ಳಿ. ಅಣ್ಣನ ಸೂಟ್‌ಕೇಸಿಗೆ ಹೇಗೂ ಅತ್ತೆ ಹೇಳಿದ ಬಾದಾಮಿ, ವಿಟಮಿನ್ ಮಾತ್ರೆ ಇರುತ್ತದೆ.

ಹಳೇ ಡಿಡಿಆರ್4 ಕಂಪ್ಯೂಟರ್ ಇದೆ. ಹಳೇದಲ್ವಾ, ಇನ್ನೂ ಅಗ್ಗ ಆಗುತ್ತದಲ್ವಾ?

ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ಒಂದು ಪೀಳಿಗೆಯ ರ‍್ಯಾಮ್ ಹೊಸದಾಗಿ ಬಂದಾಗ ದುಬಾರಿ. ಎರಡು ಮೂರು ವರ್ಷಕ್ಕೆ ಅಗ್ಗವಾಗುತ್ತದೆ. ಮುಂದಿನ ಪೀಳಿಗೆ ಕಾಲೂರಿದ ಹೊತ್ತಿಗೆ ತೀರಾ ಅಗ್ಗ. ಆಮೇಲೆ ಕಂಪನಿಗಳು ಅದನ್ನು ಮಾಡುವುದನ್ನೇ ನಿಲ್ಲಿಸುತ್ತವೆ. ಆಗ ಬೆಲೆ ಮತ್ತೆ ಮೇಲೇರುತ್ತದೆ, ಯಾಕೆಂದರೆ ಹಳೇ ಯಂತ್ರಗಳು ಕೋಟಿಗಟ್ಟಲೆ ಉಳಿದಿರುತ್ತವೆ.

2025ರಲ್ಲಿ ಆದದ್ದು ಇದೇ. ದೊಡ್ಡ ಕಂಪನಿಗಳು ಡಿಡಿಆರ್4 ನಿಲ್ಲಿಸುತ್ತೇವೆ ಅಂದದ್ದೇ, ಆ ವರ್ಷದ ನಡುವೆ ಕೆಲವು ಡಿಡಿಆರ್4 ಚಿಪ್ಪುಗಳ ಸ್ಪಾಟ್ ಬೆಲೆ ಡಿಡಿಆರ್5ಗಿಂತ ಮೇಲೆ ಹೋಯಿತು. ಹೊಸದಕ್ಕಿಂತ ಹಳೇದು ತುಟ್ಟಿ! ಹಾಗಾಗಿ ಹಳೇ ಯಂತ್ರ ಇನ್ನೂ ನಾಲ್ಕೈದು ವರ್ಷ ಬಾಳಬೇಕು ಅಂದರೆ, ಹೊಸ ಪೀಳಿಗೆ ಬಂದು ಒಂದೆರಡು ವರ್ಷದೊಳಗೆ ಬೇಕಾದಷ್ಟು ತುಂಬಿಸಿಬಿಡಿ. "ಹೇಗೂ ಬಿದ್ದಿರುತ್ತೆ, ಆಮೇಲೆ ತಗೊಳ್ಳೋಣ" ಅನ್ನಬೇಡಿ.

ಕೊಳ್ಳುವ ಮೊದಲು ಒಂದು ಎಚ್ಚರ. ಡೆಸ್ಕ್‌ಟಾಪ್‌ನ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಉದ್ದವೂ ಒಂದೇ. ನಡುವಿನ ಗೀರು ಮಾತ್ರ ಬೇರೆ ಜಾಗದಲ್ಲಿದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಬಲವಂತ ಮಾಡಿದರೆ ಮದರ್‌ಬೋರ್ಡಿಗೇ ಕಂಟಕ.

ಎಷ್ಟು ಜಿಬಿ ಸಾಕು?

ಬ್ರೌಸರ್, ನುಡಿ ಅಥವಾ ವರ್ಡ್, ಯೂಟ್ಯೂಬ್ ಇಷ್ಟೇ ಆದರೆ 8 ನಡೆಯುತ್ತದೆ, ಉಸಿರು ಕಟ್ಟಿಕೊಂಡು. ಇವತ್ತು ಕೊಳ್ಳುವುದಾದರೆ 16 ಸರಿಯಾದ ಅಳತೆ. ವಿಡಿಯೊ ಎಡಿಟಿಂಗ್, ದೊಡ್ಡ ಪ್ರೋಗ್ರಾಮಿಂಗ್ ಕೆಲಸ ಇದ್ದರೆ 32. ಅದಕ್ಕೂ ಮೇಲೆ ಬೇಕಾದವರಿಗೆ ಅದು ಬೇಕು ಅಂತ ಅವರಿಗೇ ಗೊತ್ತಿರುತ್ತದೆ. ಬೆಲೆ ಅಗ್ಗ ಅಂತ 64 ತುಂಬಿಸಿ ಅರ್ಧ ಖಾಲಿ ಬಿಟ್ಟರೆ ಅಗ್ಗ ಆದದ್ದು ಏನು? ಅನುಮಾನ ಇದ್ದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಮಾಮೂಲಿ ಕೆಲಸ ನಡೆಯುವಾಗ ಮೆಮೊರಿ ಎಷ್ಟು ತುಂಬಿದೆ ನೋಡಿ. ಸದಾ ಶೇ 85 ದಾಟುತ್ತಿದ್ದರೆ ಹೆಚ್ಚಿಸಿ.

ಲ್ಯಾಪ್‌ಟಾಪ್‌ಗೆ ಆಮೇಲೆ ಹಾಕಿಸಬಹುದಾ?

ಅದನ್ನು ಕೊಳ್ಳುವ ಮೊದಲೇ ಕೇಳಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಈಗಿನ ಮ್ಯಾಕ್‌ಬುಕ್‌ಗಳಲ್ಲಂತೂ ಬದಲಾಯಿಸುವ ಮಾತೇ ಇಲ್ಲ. ಅಂಥವಕ್ಕೆ ಬೆಲೆ ಇಳಿದರೂ ಏರಿದರೂ ನಿಮಗೆ ಸಂಬಂಧವಿಲ್ಲ, ಮೊದಲ ದಿನವೇ ಸಾಕಷ್ಟು ಇರುವುದನ್ನು ಕೊಳ್ಳಬೇಕು. ವಿವರದಲ್ಲಿ ಎಲ್‌ಪಿಡಿಡಿಆರ್ ಅಂತ ಇದ್ದರೆ ಹೆಚ್ಚಿನಂಶ ಬೆಸೆದದ್ದೇ. ಸ್ಲಾಟ್ ಇದ್ದರೆ ಮಾತ್ರ ಬೆಲೆ ಇಳಿಯುವ ಆಟ ನಿಮ್ಮದು.

ಈಗ ಒಂದು ಸ್ಟಿಕ್, ಬೆಲೆ ಇಳಿದ ಮೇಲೆ ಇನ್ನೊಂದು. ಹೇಗೆ?

ದುಬಾರಿ ಕಾಲದಲ್ಲಿ ನಾನು ಹೇಳುವುದೂ ಇದನ್ನೇ. ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ, ಓಡುತ್ತದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಆಟದ ವೇಗ ಚೆನ್ನಾಗಿ ಹೆಚ್ಚುತ್ತದೆ. ಆದರೂ ತುರ್ತಿಗೆ 16 ಜಿಬಿಯ ಒಂದೇ ಸ್ಟಿಕ್ ಹಾಕಿ, ಒಂದು ಸ್ಲಾಟ್ ಖಾಲಿ ಬಿಡಬಹುದು. 8 ಜಿಬಿಯ ಎರಡು ಹಾಕಿದರೆ ಎರಡು ಸ್ಲಾಟಿನ ಬೋರ್ಡ್‌ನಲ್ಲಿ ಮುಂದೆ ಎರಡನ್ನೂ ಕಿತ್ತು ಮಾರಬೇಕಾಗುತ್ತದೆ. ಎರಡನೇ ಸ್ಟಿಕ್ ಕೊಳ್ಳುವಾಗ ಅದೇ ಮಾದರಿಯನ್ನೇ ಹುಡುಕಿ. ವೇಗ ಬೇರೆ ಬೇರೆ ಇದ್ದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ.

ಹಬ್ಬದ ಆಫರ್‌ಗೆ ಕಾಯಬಹುದಾ?

ಒಂದೆರಡು ವಾರದ ಮಾತಾದರೆ ಕಾಯಿರಿ, ಬ್ಯಾಂಕ್ ಕಾರ್ಡಿನ ರಿಯಾಯಿತಿ ಸಿಗುತ್ತದೆ. ಆದರೆ ಕೊರಿಯಾದ ಕಾರ್ಖಾನೆಗೆ ನಮ್ಮ ದಸರಾ ಗೊತ್ತಿಲ್ಲ.

ಎಸ್‌ಎಸ್‌ಡಿಗೂ ಇದೇ ಲೆಕ್ಕವಾ?

ಹೆಚ್ಚುಕಡಿಮೆ. ಅದರೊಳಗಿನ ನ್ಯಾಂಡ್ (ಕರೆಂಟ್ ಹೋದರೂ ಮಾಹಿತಿ ಉಳಿಸಿಡುವ) ಚಿಪ್ ಮಾಡುವವರೂ ಬೆರಳೆಣಿಕೆಯಷ್ಟೇ. ಅಲ್ಲಿಯೂ ಇದೇ ಮೂವರು ಇದ್ದಾರೆ, ಜೊತೆಗೆ ಜಪಾನಿನ ಕಿಯೊಕ್ಸಿಯಾ, ಅದರ ಜೊತೆಗಾರ ಸ್ಯಾನ್‌ಡಿಸ್ಕ್. ರ‍್ಯಾಮ್ ಅಗ್ಗವಾದ 2023ರಲ್ಲೇ ಎಸ್‌ಎಸ್‌ಡಿಯೂ ಅಗ್ಗವಾಗಿತ್ತು. ಒಂದು ಇಳಿದಾಗ ಇನ್ನೊಂದರ ಬೆಲೆಯನ್ನೂ ಒಮ್ಮೆ ನೋಡಿ.

ಬೆಲೆ ಜಾಸ್ತಿ ಇದೆ, ಸೆಕೆಂಡ್ ಹ್ಯಾಂಡ್ ತಗೊಳ್ಳಲಾ?

ಧೈರ್ಯವಾಗಿ ತಗೊಳ್ಳಿ. ಹಾರ್ಡ್ ಡಿಸ್ಕ್ ಹಾಗೆ ತಿರುಗುವ ಭಾಗ ಇಲ್ಲ, ಎಸ್‌ಎಸ್‌ಡಿ ಹಾಗೆ ಬರೆದು ಬರೆದು ಸವೆಯುವುದಿಲ್ಲ. ಐದು ವರ್ಷ ಓಡಿದ ರ‍್ಯಾಮ್ ಇನ್ನೂ ಐದು ವರ್ಷ ಓಡಬಹುದು. ಮೋಸ ಆಗುವುದು ಸ್ಟಿಕ್ಕರ್‌ನಲ್ಲಿ. ನಿಧಾನದ ಸ್ಟಿಕ್ಕಿಗೆ ವೇಗದ ಚೀಟಿ ಅಂಟಿಸಿ ಮಾರುವವರಿದ್ದಾರೆ. ಹಾಕಿದ ಕೂಡಲೇ ಸಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಅದರ ನಿಜವಾದ ವಿವರ ನೋಡಿ. ಆಮೇಲೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಕಂಪ್ಯೂಟರ್ ಶುರುಮಾಡಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಎದ್ದಾಗ ಒಂದೇ ಒಂದು ದೋಷ ತೋರಿಸಿದರೂ ವಾಪಸ್ ಕೊಡಿ. "ಒಂದು ದೋಷಕ್ಕೆ ಏನಾಗುತ್ತೆ ಸಾರ್" ಅನ್ನುತ್ತಾರೆ, ಕೇಳಬೇಡಿ. ಮಾರುವವರು ವಾಪಸ್ ತೆಗೆದುಕೊಳ್ಳಲು ಒಂದು ವಾರ ಗಡುವು ಕೊಟ್ಟರೆ ಅದನ್ನು ಬಿಲ್ಲಿನ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳಿ.